ಟೈಲರ್ ಪೊರ್ಬುಗಳ ಮೂಡು ದಿಕ್ಕು

ಮೊನ್ನೆ ಬೆಳಿಗ್ಗೆ ಮಗಳ ಆಫೀಸಿನ ಕೋಟಿನ ಗುಂಡಿ ಕಿತ್ತುಹೋಯಿತು. ಅವಳು "ಉಮ್ಮಾ, ಬೇಗ" ಎಂದು ಬಾಗಿಲಲ್ಲಿ ಕುಣಿಯುತ್ತಿದ್ದಳು. ನಾನು ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಹಾಲಿನ ಪುಡಿಯ ಹಳೆಯ ಡಬ್ಬಿ ಅದು. ಗುಂಡಿಗಳ ನಡುವಿನಿಂದ ಒಂದು ನೀಲಿ ಚೂರು ಜಾರಿ ಬಂತು. ಟೈಲರ್‌ಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ. ಸವೆದು ಸವೆದು ಹೆಬ್ಬೆರಳಿನ ಉಗುರಿನಷ್ಟಾಗಿದೆ. ಮೂಗಿಗೆ ಹಿಡಿದು ನೋಡಿದೆ. ಮೂವತ್ತು ವರ್ಷದ ಹಿಂದಿನ ಲೋಬಾನದ ವಾಸನೆ ಅದರಲ್ಲಿ ಉಳಿದಿರಲು ಸಾಧ್ಯವಿಲ್ಲ, ನನಗೂ ಗೊತ್ತು. ಆದರೂ ಬಂತು. ಮಗಳು ಗುಂಡಿ ಇಲ್ಲದೆಯೇ ಹೋದಳು, ನಾನು ಅಲ್ಲೇ ಕೂತುಬಿಟ್ಟೆ...

ನಾನು ಮದುವೆಯಾಗಿ ಉಳ್ಳಾಲದಿಂದ ದೋಹಾಕ್ಕೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಲ್ ಮನ್ಸೂರಾದ ಒಂದು ಹಳೆಯ ವಿಲ್ಲಾವನ್ನು ಆರು ತುಂಡು ಮಾಡಿ ಆರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಮಹಡಿಯ ಎರಡು ಕೋಣೆ ನಮ್ಮದು. ಗಂಡನಿಗೆ ರಾಸ್ ಲಫಾನ್‌ನಲ್ಲಿ ಪೈಪಿನ ಕೆಲಸದ ಮೇಲ್ವಿಚಾರಣೆ. ಕಂಪನಿ ಬಸ್ಸು ಮುಂಜಾನೆ ಒಯ್ದು ಸಂಜೆ ತಂದು ಬಿಡುವಾಗ ಧೂಳಿನ ನಡುವೆ ಎರಡು ಕಣ್ಣು ಮಾತ್ರ ಕಾಣುತ್ತಿತ್ತು, ಅದು ನನ್ನ ಗಂಡ ಎಂದು ನಾನು ನಂಬಬೇಕಿತ್ತು. ನಡುವಿನ ಹಗಲು ಪೂರ್ತಿ ನನ್ನೊಬ್ಬಳದೇ. ಊರಿನಲ್ಲಿ ನಾಲ್ಕು ಜನ ಅಕ್ಕಂದಿರ ನಡುವೆ ಬಾಯಿಗೆ ಬೀಗವಿಲ್ಲದೆ ಬೆಳೆದವಳು ನಾನು. ಇಲ್ಲಿ ಫ್ರಿಜ್ಜಿನ ಜೊತೆ ಮಾತಾಡುವ ಗತಿ ಬಂದಿತ್ತು.

ಕೆಳಗೆ ರಸ್ತೆಯ ಬದಿಗೆ ಒಂದು ಟೈಲರ್ ಅಂಗಡಿ ಇತ್ತು. ಅರಬರ ಉದ್ದನೆಯ ಬಿಳಿ ತೋಬ್‌ಗಳನ್ನು ಹೊಲಿಯುವ ಅಂಗಡಿ. ಹೊಲಿಯುವವರಿಗೆ ಅರವತ್ತರ ಹತ್ತಿರದ ಪ್ರಾಯ, ತೆಳ್ಳಗಿನ ಮೈ, ದಾರ ಕಟ್ಟಿದ ಕನ್ನಡಕ. ಕೊರಳಿನಲ್ಲಿ ಅಳತೆಯ ಟೇಪು ಶುಕ್ರವಾರದ ರಜೆಯಲ್ಲೂ ಇಳಿಯುತ್ತಿರಲಿಲ್ಲ. ನಾನು ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಮೆಟ್ಟಿಲು ಇಳಿಯುತ್ತಿದ್ದಾಗ ಅವರು ಮೆಷಿನ್ನನ್ನು ಬೈಯುವುದು ಕೇಳಿಸಿತು. "ನಿಂಗೆ ಎಂತ ಆಯ್ತೇ ಇವತ್ತು? ನಿನ್ನೆ ಲಾಯ್ಕಿದ್ದಿಯಲ್ಲ." ಶುದ್ಧ ಕುಂದಾಪುರದ ಕನ್ನಡ. ನನಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಅಂಗಡಿಯ ಬಾಗಿಲಲ್ಲಿ ನಿಂತು, "ನೀವು ಊರಿನವರಾ?" ಎಂದು ಕೇಳಿದೆ. ಯಾವ ಊರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ, ಕರಾವಳಿಯ ಕಡಲ ಕರೆಯವರಿಗೆ ಊರು ಎಂದರೆ ಒಂದೇ.

ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ 'ಪೊರ್ಬುಗಳು' ಎನ್ನುವುದು ರೂಢಿ. ಕೊರಳಿನಲ್ಲಿ ಶಿಲುಬೆ ಕಂಡದ್ದೇ ನಾನೂ ಹಾಗೆ ಕರೆದೆ. ಅವರು ಕತ್ತರಿ ಕೆಳಗಿಟ್ಟು ನನ್ನನ್ನು ತಿದ್ದಿದರು. ಪೊರ್ಬುಗಳು ಎಂದರೆ ಕ್ಯಾಥೊಲಿಕರಂತೆ, ಇವರು ಸಿರಿಯನ್ನರಂತೆ, ಆರ್ಥೊಡಾಕ್ಸ್ ಅಂತೆ. ಬ್ರಹ್ಮಾವರದ ಪಡುವಣಕ್ಕೆ, ಹೊಳೆ ಸಮುದ್ರ ಸೇರುವಲ್ಲಿ ಅವರ ಹಳ್ಳಿ, ಹಳ್ಳಿಯಲ್ಲಿ ಅವರದೇ ಇಗರ್ಜಿ. ಚರ್ಚ್ ಎನ್ನುವ ಮಾತು ಅವರ ಬಾಯಲ್ಲಿ ಎಂದೂ ಬರಲಿಲ್ಲ, ಇಗರ್ಜಿ ಎಂದೇ. ನಾನು ಎಲ್ಲಕ್ಕೂ ತಲೆಯಾಡಿಸಿ, "ಆಯ್ತು ಪೊರ್ಬುಗಳೇ" ಎಂದೆ. ಅವರು ಸೋತು ನಕ್ಕರು. ಆಮೇಲೆ ಕೊನೆಯವರೆಗೂ ಅವರು ನನಗೆ ಟೈಲರ್ ಪೊರ್ಬುಗಳೇ ಆಗಿ ಉಳಿದರು.

ಒಂದು ತಿಂಗಳೊಳಗೆ ನಾನು ಅವರ ಶಿಷ್ಯೆಯಾದೆ. ಮಧ್ಯಾಹ್ನದ ಊಟದ ನಂತರ ಅಂಗಡಿಯ ಬಾಗಿಲ ಬಳಿ ಒಂದು ಸ್ಟೂಲು ಹಾಕಿಕೊಂಡು ಗುಂಡಿ ಹಚ್ಚುವುದು, ಕಾಲರಿಗೆ ಕೈಹೊಲಿಗೆ ಹಾಕುವುದು ಕಲಿತೆ. ಗಂಡನಿಗೂ ಸಮಾಧಾನ, ಸಂಜೆ ಮನೆಗೆ ಬಂದಾಗ ನನ್ನ ಮಾತು ಅರ್ಧ ಖಾಲಿಯಾಗಿರುತ್ತಿತ್ತಲ್ಲ. ಆದರೆ ಆ ಅಂಗಡಿಯಲ್ಲಿ ಹೊಲಿಗೆಗಿಂತ ಹೆಚ್ಚು ನಡೆದದ್ದು ಇಗರ್ಜಿಯ ಕಥೆ. ಪೊರ್ಬುಗಳ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಊರಿನಲ್ಲಿ ಒಬ್ಬರು ಅಕ್ಕ. ಸಂಸಾರಸ್ಥರು ಮಕ್ಕಳ ಸುದ್ದಿ ಹೇಳುವ ಹಾಗೆ ಅವರು ಇಗರ್ಜಿಯ ಸುದ್ದಿ ಹೇಳುತ್ತಿದ್ದರು.

ಅವರ ಮುತ್ತಜ್ಜನ ಕಾಲದಲ್ಲಿ ಯಾವ ಬಿಷಪ್ಪರ ಮಾತು ಕೇಳಬೇಕು ಎಂದು ದೊಡ್ಡ ಜಗಳವಾಯಿತಂತೆ. ಕೆಲವು ಮನೆಯವರು ಹಳೆಯ ಇಗರ್ಜಿಯಿಂದ ಎದ್ದು ಬಂದರು. ಬಂದರು ಸರಿ, ಪ್ರಾರ್ಥನೆ ಎಲ್ಲಿ ಮಾಡುವುದು? ಹೊಳೆಯ ದಂಡೆಯಲ್ಲಿ ತೆಂಗಿನ ಮಡಲಿನ ಚಪ್ಪರ ಕಟ್ಟಿದರು. ಮೂರು ಮಳೆಗಾಲ ಚಪ್ಪರ ಹಾರಿಹೋಯಿತು. ಆಗ ಹತ್ತಿರದ ಬಂಟರ ಮನೆಯ ಯಜಮಾನ್ತಿ ಕರೆಸಿ, ಒಂದು ದಿಬ್ಬದ ಜಾಗ ಕೊಟ್ಟಳು. ಒಂದೇ ಷರತ್ತು: ಗಂಟೆ ತನ್ನ ಮನೆಗೆ ಕೇಳಬೇಕು, ಆಳುಗಳನ್ನು ಎಬ್ಬಿಸುವ ಕಷ್ಟ ತಪ್ಪಲಿ. ಅದಕ್ಕೇ ಆ ಇಗರ್ಜಿಯ ಗಂಟೆ ಕ್ರೈಸ್ತರ ಮನೆಗಳ ಕಡೆಗಲ್ಲ, ಗದ್ದೆಯಾಚೆಯ ಬಂಟರ ಮನೆಗೆ ಮುಖ ಮಾಡಿಕೊಂಡು ನೇತಾಡುತ್ತದೆ.

ಆ ಗಂಟೆಯದೇ ಇನ್ನೊಂದು ಕಥೆ. ದೋಣಿಯಲ್ಲಿ ಬರುತ್ತಿದ್ದಾಗ ದೋಣಿ ವಾಲಿ ಗಂಟೆ ಹೊಳೆಗೆ ಬಿತ್ತು. ಮೊಗವೀರರು ಮುಳುಗಿ, ಬಲೆ ಕಟ್ಟಿ, ಎಳೆದು ತೆಗೆದರು. ಮೊದಲ ಸಲ ಹೇಳಿದಾಗ ನಾಲ್ಕು ಜನ ಮೊಗವೀರರಿದ್ದರು. ರಂಜಾನ್ ಬರುವ ಹೊತ್ತಿಗೆ ಹನ್ನೊಂದು ಜನರಾಗಿದ್ದರು, ಗಂಟೆಯೊಳಗೆ ಒಂದು ದೊಡ್ಡ ಏಡಿಯೂ ಸೇರಿಕೊಂಡಿತ್ತು. ನಾನು ಲೆಕ್ಕ ತಪ್ಪಿತಲ್ಲ ಎಂದರೆ, "ಕಥೆ ಹೇಳುದು ನಾನಾ ನೀನಾ?" ಎಂದು ಗದರುತ್ತಿದ್ದರು. ಅಂದಿನಿಂದ ಆ ಗಂಟೆಯ ದನಿ ಶೀತವಾದವರ ದನಿಯಂತೆ ಒಡೆದಿದೆಯಂತೆ, ಹೊಳೆಯ ನೀರು ಕುಡಿದ ಗಂಟೆ ಅದು.

ಆ ವರ್ಷ ನಮ್ಮ ರಂಜಾನೂ ಅವರ ಐವತ್ತು ದಿನದ ಉಪವಾಸವೂ ಒಟ್ಟಿಗೆ ಬಂದವು. ಅವರು ಮೀನು ಮಾಂಸ ಮುಟ್ಟುವಂತಿಲ್ಲ, ನಾನು ಸಂಜೆಯವರೆಗೆ ನೀರು ಮುಟ್ಟುವಂತಿಲ್ಲ. ಇಫ್ತಾರಿನ ಹೊತ್ತಿಗೆ ತೆಂಗಿನ ಹಾಲಿನ ಮೆಂತೆ ಗಂಜಿ ಕಳಿಸಿದರೆ ಪಾತ್ರೆ ತೊಳೆದ ಹಾಗೆ ಖಾಲಿಯಾಗಿ ಬರುತ್ತಿತ್ತು. ದೋಹಾದಲ್ಲಿ ಆಗ ಅವರಿಗೊಂದು ಇಗರ್ಜಿ ಇರಲಿಲ್ಲ. ಶುಕ್ರವಾರ ಕೇರಳದವರ ಜೊತೆ ಯಾರದೋ ಮನೆಯಲ್ಲಿ ಸೇರುತ್ತಿದ್ದರು, ಉಳಿದ ದಿನ ಅಂಗಡಿಯ ಹಿಂದಿನ ಅವರ ಕೋಣೆಯೇ ಇಗರ್ಜಿ. ಸಂಜೆ ಲೋಬಾನ ಹಾಕಿ, "ಕುರಿಯೇಲಾಯಿಸೋನ್" ಎಂದು ಉದ್ದಕ್ಕೆ ರಾಗ ಎಳೆಯುವುದು ಮಹಡಿಗೂ ಕೇಳುತ್ತಿತ್ತು. ಅರ್ಥ ಕೇಳಿದೆ. "ದೇವರೇ, ಕರುಣೆ ತೋರು ಅಂತ" ಎಂದರು. ಅಷ್ಟು ಸಣ್ಣ ಮಾತಿಗೆ ಅಷ್ಟು ಉದ್ದದ ರಾಗ ಬೇಕಾ ಎಂದು ನಾನು ಚೇಷ್ಟೆ ಮಾಡಿದ್ದೂ ಉಂಟು.

ಆ ಹೊತ್ತಿಗೇ ಊರಿನಿಂದ ಅವರ ಅಕ್ಕ ಬರೆಸಿದ ಕಾಗದ ಬಂತು. ಇಗರ್ಜಿಯ ಹಂಚಿನ ಮಾಡು ಬಿಚ್ಚಿ ಹೊಸದು ಮಾಡುತ್ತಿದ್ದಾರೆ, ಬರುವ ಹಬ್ಬಕ್ಕೆ ಮತ್ತೆ ಆಶೀರ್ವಾದ ಮಾಡಿಸಿ ತೆರೆಯುತ್ತಾರೆ. ಅವರ ಇಗರ್ಜಿಗಳಲ್ಲಿ ಜನರಿಗೂ ಬಲಿಪೀಠಕ್ಕೂ ನಡುವೆ ಒಂದು ದೊಡ್ಡ ಪರದೆ ಇರುತ್ತದೆ. ಪ್ರಾರ್ಥನೆಯ ನಡುವೆ ಅದು ಸರಿಯುತ್ತದೆ, ಮುಚ್ಚುತ್ತದೆ. ಆ ಪರದೆಯನ್ನು ತಾನೇ ಹೊಲಿದು ಕಳಿಸುತ್ತೇನೆ ಎಂದು ಪೊರ್ಬುಗಳು ಉತ್ತರ ಬರೆದರು. ಅವರು ಊರಿಗೆ ಹೋಗಿ ಏಳು ವರ್ಷವಾಗಿತ್ತು. ಹಬ್ಬಕ್ಕೂ ಹೋಗುವಂತಿರಲಿಲ್ಲ, ಈದ್‌ನ ತೋಬ್‌ಗಳಿಗೆ ಮಾತು ಕೊಟ್ಟಾಗಿತ್ತು. ನಾವಿಬ್ಬರೂ ಸೂಕ್ ವಾಕಿಫ್ ಪೇಟೆಗೆ ಹೋಗಿ, ಮೂರು ಅಂಗಡಿಯವರ ಜೊತೆ ಜಗಳವಾಡಿ, ದಾಳಿಂಬೆ ಬಣ್ಣದ ಮಕಮಲ್ಲು ತಂದೆವು. ಅದರ ಮೇಲೆ ಇಗರ್ಜಿಯ ಚಿತ್ರವನ್ನೇ ಜರಿ ದಾರದಲ್ಲಿ ಕಸೂತಿ ಮಾಡುವುದೆಂದು ಅವರ ಆಸೆ. ದೇವರ ಚಿತ್ರ ಬೇಡವಾ ಎಂದು ಕೇಳಿದೆ. "ದೇವರನ್ನ ನಾನು ಕಾಣ್ಲಿಲ್ಲ ಮಗಾ. ಇಗರ್ಜಿ ಕಂಡಿದ್ದೆ" ಎಂದರು. ಮತ್ತೆ ಮಕಮಲ್ಲು ಸವರುತ್ತ, "ಇವ ಎಲ್ಲ ಮರ್ತಿದ್ದ ಅಂತ ಯಾರೂ ಹೇಳುಕಾಗ" ಎಂದರು. ನನಗೆ ಆಗ ಗೊತ್ತಾಯಿತು, ಇದು ಬರೀ ಪರದೆಯಲ್ಲ ಎಂದು.

ಇನ್ನು ಆ ಗೋಡೆಯ ಕಥೆ. ಒಂದು ಮಧ್ಯಾಹ್ನ ನಾನು ಕೆಳಗಿಳಿದು ಬರುವಾಗ ಬಾಗಿಲು ಧಡಾರನೆ ಹಾಕಿಕೊಂಡಿತು, ಕೀಲಿಕೈ ಒಳಗೆ. ಗಂಡ ಬರುವುದು ಸಂಜೆಗೆ. ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಯಿತು. ಪೊರ್ಬುಗಳ ಹಿಂದಿನ ಕೋಣೆಯಲ್ಲಿ ಮಾಡಿಕೊಳ್ಳಲೇ ಎಂದು ಕೇಳಿದೆ. ಅವರು ಓಡಿ ಹೋಗಿ ನೆಲ ಒರೆಸಿದರು, ಒಗೆದ ಹೊಸ ಬಿಳಿ ಬಟ್ಟೆ ಹಾಸಿದರು. ಕಿಟಕಿಯೇ ಇಲ್ಲದ ಕೋಣೆ ಅದು. ನಾನು ಮನಸ್ಸಿನಲ್ಲೇ ರಸ್ತೆ, ಮೆಟ್ಟಿಲು ಎಲ್ಲ ಲೆಕ್ಕ ಹಾಕಿ ಕಿಬ್ಲಾದ ಕಡೆ, ಅಂದರೆ ಮಕ್ಕಾದ ದಿಕ್ಕಿಗೆ, ತಿರುಗಿ ನಿಂತೆ. ನೋಡಿದರೆ ಮುಖದ ಎದುರಿಗೇ ಅವರ ಶಿಲುಬೆ, ಅದರ ಕೆಳಗೆ ದೀಪ.

"ಪೊರ್ಬುಗಳೇ, ಇದನ್ನು ಒಂದು ಹತ್ತು ನಿಮಿಷ ಆಚೆ ಇಡ್ಲಿಕ್ಕೆ ಆಗ್ತದಾ? ಕಿಬ್ಲಾ ಈ ಗೋಡೆಯಲ್ಲೇ ಬರ್ತದೆ."

"ಕಿಬ್ಲಾ ಪಡು ಅಲ್ದಾ ಮಗಾ? ಇದು ಮೂಡು ಗೋಡೆ."

"ಇದು ಪಡು ಗೋಡೆ."

"ಮೂಡು. ಹತ್ತೊಂಬತ್ತು ವರ್ಷದಿಂದ ಮೂಡು" ಎಂದರು, ಸ್ವಲ್ಪ ಸಿಟ್ಟಿನಿಂದಲೇ. ಆದರೂ ಶಿಲುಬೆಯನ್ನು ಇಳಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಹೊರಗೆ ಹೋದರು. ನಾನು ನಮಾಜು ಮುಗಿಸಿ ಬರುವಾಗ ಮೆಷಿನ್ನು ನಿಂತಿತ್ತು, ಅವರು ರಸ್ತೆಯ ಕಡೆ ನೋಡುತ್ತ ಬೆರಳಿನಲ್ಲಿ ಗಾಳಿಯಲ್ಲಿ ಏನೋ ಗೆರೆ ಎಳೆಯುತ್ತಿದ್ದರು.

ಅವರಲ್ಲಿ ಪ್ರಾರ್ಥನೆ ಎಂದರೆ ಮೂಡಣಕ್ಕೆ ಮುಖ ಮಾಡಲೇಬೇಕು. ಇಗರ್ಜಿಯ ಬಲಿಪೀಠವೂ ಮೂಡಲ್ಲಿ, ಸತ್ತವರನ್ನು ಮಲಗಿಸುವುದೂ ಮೂಡಕ್ಕೆ ಮುಖ ಬರುವಂತೆ. ಇದರಲ್ಲಿ ರಾಜಿಯಿಲ್ಲ. ಸಂಜೆ ನನ್ನ ಗಂಡ ಕೀಲಿಯ ಜೊತೆ ತನ್ನ ನಮಾಜಿನ ಚಾಪೆಯ ಪುಟ್ಟ ದಿಕ್ಸೂಚಿಯನ್ನೂ ತಂದರು. ನಾವು ಮೂವರೂ ಕೋಣೆಯ ನಡುವೆ ಕುಕ್ಕರುಗಾಲಲ್ಲಿ ಕೂತೆವು. ಮುಳ್ಳು ಅಲುಗಾಡಿ ಅಲುಗಾಡಿ ನಿಂತಿತು. ಗಂಡ ಪೊರ್ಬುಗಳ ನೀಲಿ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಬಾಣ ಎಳೆದು, ಅದರ ತುದಿಯಲ್ಲಿ 'ಮೂಡು' ಎಂದು ಬರೆದರು. ಬಾಣ ಹೋದದ್ದು ಶಿಲುಬೆಯ ಗೋಡೆಗಲ್ಲ, ಅದರ ಎದುರಿನ ಗೋಡೆಗೆ, ತೋಬ್‌ಗಳನ್ನು ನೇತುಹಾಕಿದ ಗೋಡೆಗೆ.

ತಪ್ಪು ಹೇಗಾಯಿತೆಂದು ನನಗೆ ಮಾತ್ರ ಕೂಡಲೇ ಹೊಳೆಯಿತು, ಏಕೆಂದರೆ ದೋಹಾದ ಮೊದಲ ನಮಾಜಿನಲ್ಲಿ ನಾನೂ ಅದನ್ನೇ ಮಾಡಿ ಗಂಡನ ಕೈಯಲ್ಲಿ ತಿದ್ದಿಸಿಕೊಂಡಿದ್ದೆ. ನಮ್ಮ ಕಡಲ ಕರೆಯವರಿಗೆ ದಿಕ್ಕು ಕಲಿಸಬೇಕಾಗಿಲ್ಲ. ಸಮುದ್ರ ಇದ್ದದ್ದು ಪಡು, ಬೆನ್ನು ಹಾಕಿದರೆ ಮೂಡು. ಅಡುಗೆಮನೆಯಲ್ಲೂ ನಾವು "ಆ ಪಡು ಬದಿಯ ಪಾತ್ರೆ ತೆಗಿ" ಎನ್ನುವವರು. ಪೊರ್ಬುಗಳು ದೋಹಾಕ್ಕೆ ಬಂದ ಮೊದಲ ಸಂಜೆ ಸಮುದ್ರ ಎಲ್ಲಿ ಎಂದು ಕೇಳಿದ್ದಾರೆ. ಡ್ರೈವರು ಕೈ ತೋರಿಸಿದ್ದಾನೆ. ಇವರು ಸಮುದ್ರಕ್ಕೆ ಬೆನ್ನು ಹಾಕಿ, ಎದುರಿನ ಗೋಡೆಗೆ ಮೊಳೆ ಹೊಡೆದಿದ್ದಾರೆ. ದೋಹಾದಲ್ಲಿ ಸಮುದ್ರ ಇರುವುದೇ ಮೂಡಲ್ಲಿ. ಸೂರ್ಯ ಊರಂಚಿನ ಕಡಲ ದಂಡೆ ಕಾರ್ನಿಶ್‌ನ ನೀರಿನಿಂದ ಏಳುವುದನ್ನು ಅವರು ಎಷ್ಟೋ ಶುಕ್ರವಾರ ನೋಡಿದ್ದಾರೆ. ಆದರೆ ಹೊರಗಿನ ಆ ಸೂರ್ಯನನ್ನೂ ಒಳಗಿನ ಈ ಮೊಳೆಯನ್ನೂ ಒಂದು ದಿನವೂ ಕೂಡಿಸಿ ನೋಡಿರಲಿಲ್ಲ.

"ಹತ್ತೊಂಬತ್ತು ವರ್ಷದ ಪ್ರಾರ್ಥನೆ..." ಎಂದರು ಪೊರ್ಬುಗಳು.

ನನ್ನ ಗಂಡ ಮಾತು ಕಮ್ಮಿಯ ಮನುಷ್ಯ. ಅಂದು ಮಾತ್ರ, "ಎತ್ತ ಕಳಿಸಿದ್ರೂ ತಲುಪುವ ಮನೆ ಒಂದೇ ಅಲ್ವಾ ಪೊರ್ಬುಗಳೇ" ಎಂದರು. ನಾನು ಸುಮ್ಮನಿರಬೇಕಿತ್ತು, ನನ್ನ ಬಾಯಿ ಕೇಳಬೇಕಲ್ಲ. "ಊರಲ್ಲಿ ನಾವು ಕಡಲಿಗೆ ಮುಖ, ನೀವು ಬೆನ್ನು. ಇಲ್ಲಿ ಹತ್ತೊಂಬತ್ತು ವರ್ಷ ನೀವು ನಮ್ಮದೇ ಸಾಲಿನಲ್ಲಿ ನಿಂತಿದ್ದೀರಿ" ಎಂದುಬಿಟ್ಟೆ. ಪೊರ್ಬುಗಳು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಭುಜ ಅಲುಗತೊಡಗಿತು, ಕನ್ನಡಕ ಜಾರಿತು, ಮೂವರೂ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಂದೇ ತೋಬ್‌ಗಳೆಲ್ಲ ಆಚೆ ಹೋದವು, ಶಿಲುಬೆ ಈಚೆ ಬಂತು.

ನಗು ಒಂದು ದಿನಕ್ಕೆ. ಮಾರನೆಯ ದಿನ ಹೋದರೆ ಮಕಮಲ್ಲು ಮಡಚಿಟ್ಟಿತ್ತು. ಕೆಲಸ ಅರ್ಧಕ್ಕೇ ನಿಂತಿತ್ತು. ಮೂಡು ಯಾವುದು ಪಡು ಯಾವುದು ಎಂದು ತಿಳಿಯದವನಿಗೆ ಇಗರ್ಜಿಯ ಬಾವಿ ಎಡಕ್ಕೋ ಬಲಕ್ಕೋ ಎನ್ನುವುದು ಹೇಗೆ ನೆನಪಿರುತ್ತದೆ? ಇದು ಅವರ ಪ್ರಶ್ನೆ. ಊರಿನವರೆಲ್ಲ ಸೇರಿ ಬಿಚ್ಚಿ ನೋಡುವಾಗ ಬಾವಿ ತಪ್ಪು ಬದಿಯಲ್ಲಿದ್ದರೆ, ಇವನಿಗೆ ಊರು ಮರೆತುಹೋಗಿದೆ ಎಂದಾಗುತ್ತದಲ್ಲ. ಆ ಒಂದು ವಾರ ಅವರು ಊಟ ಕೂಡ ಸರಿಯಾಗಿ ಮಾಡಲಿಲ್ಲ. ನನಗೆ ಕೀಲಿಕೈ ಒಳಗೆ ಬಿಟ್ಟ ನನ್ನ ಮೇಲೆಯೇ ಸಿಟ್ಟು ಬಂತು.

ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಕಣ್ಣು ಮುಚ್ಚಿ, ನಡೆಯಿರಿ. ದೋಣಿ ಇಳಿದಲ್ಲಿಂದ ಇಗರ್ಜಿಯವರೆಗೆ ಹೆಜ್ಜೆ ಹೆಜ್ಜೆಗೂ ಎಡಗೈಗೆ ಏನು, ಬಲಗೈಗೆ ಏನು ಎಂದು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಅವರು ಮೆಷಿನ್ನಿನ ಮುಂದೆ ಕೂತು ಕಣ್ಣು ಮುಚ್ಚಿದರು. ಕಾಲುಗಳು ಪೆಡಲಿನ ಮೇಲೆ ನಿಜವಾಗಿ ನಡೆಯುತ್ತಿದ್ದವು. ಇಳಿದ ಕೂಡಲೇ ಕೆಸರು, ಚಪ್ಪಲಿ ಕೈಗೆ. ಬಲಕ್ಕೆ ಗದ್ದೆಯ ಅಂಚಿನ ಹುಣಿ, ಎಡಕ್ಕೆ ಕೇದಗೆಯ ಪೊದೆ, ಅದರಲ್ಲಿ ಹಾವಿದೆ ಎಂದು ಅಮ್ಮ ಹೆದರಿಸುತ್ತಿದ್ದುದು. ಆಮೇಲೆ ಮುರಕಲ್ಲಿನ ಹದಿನಾಲ್ಕು ಮೆಟ್ಟಿಲು, ಒಂಬತ್ತನೆಯದು ಅಲುಗಾಡುತ್ತದೆ. ಹತ್ತಿದರೆ ಕಲ್ಲಿನ ಶಿಲುಬೆ, ಹೊನ್ನೆ ಮರ. ಎಡಕ್ಕೆ ಬಾವಿ, ಮದುವೆಯ ದಿನ ಹೆಂಡತಿ ಕಾಲು ತೊಳೆದ ಬಾವಿ... ಅಲ್ಲಿ ಸ್ವಲ್ಪ ಹೊತ್ತು ಅವರು ಮುಂದೆ ನಡೆಯಲಿಲ್ಲ. ನಾನೂ ಅವಸರ ಮಾಡಲಿಲ್ಲ. ಬಲಕ್ಕೆ ಸಮಾಧಿಗಳ ಗೋಡೆ ಎಂದರು ಕೊನೆಗೆ. ಕಣ್ಣು ತೆರೆದಾಗ ಮುಖ ಬೆಳಗಿತ್ತು. ಮಕಮಲ್ಲು ಮತ್ತೆ ಹೊರಗೆ ಬಂತು.

ಇಗರ್ಜಿಯನ್ನು ಪಕ್ಕದಿಂದ ನೋಡಿದಂತೆ ಚಿತ್ರ. ಬಲಕ್ಕೆ ಗುಡ್ಡ, ಎಡಕ್ಕೆ ಹೊಳೆ, ಹೊಳೆಯಾಚೆ ಸಮುದ್ರದ ನೀಲಿ ಗೆರೆ. ಹಬ್ಬದ ಬೆಳಗಿನ ಚಿತ್ರ ಅದು, ಗೋಡೆಯ ಮೇಲೆ ಅವರ ಅಮ್ಮ ಸಾಕಿದ ಹುಂಜ ಕತ್ತು ಚಾಚಿ ಕೂಗುತ್ತಿತ್ತು. ಎಲ್ಲ ಮುಗಿದ ಮೇಲೆ ಸಮುದ್ರದ ಮೇಲೆ ಒಂದಿಷ್ಟು ಜಾಗ ಖಾಲಿ ಕಾಣಿಸಿತು. "ಅಲ್ಲೊಂದು ಸೂರ್ಯನನ್ನು ಇಡಿ ಪೊರ್ಬುಗಳೇ, ಬೆಳಗಾದ ಹಾಗೆ ಕಾಣ್ತದೆ" ಎಂದೆ. ಹೌದು, ನಾನೇ ಹೇಳಿದ್ದು. ಅವರು ಉಳಿದ ಒಳ್ಳೆಯ ಜರಿಯನ್ನೆಲ್ಲ ಸುರಿದು ನೀರಿನಿಂದ ಏಳುವ ಸೂರ್ಯನನ್ನು ಹೊಲಿದರು. ನಾವಿಬ್ಬರೂ ದೂರ ನಿಂತು ನೋಡಿದೆವು. ಮಾಶಾ ಅಲ್ಲಾಹ್ ಎಂದೆ ನಾನು, ಅವರು ಶಿಲುಬೆಯ ಗುರುತು ಮಾಡಿಕೊಂಡರು.

ಆಗ ನನಗೆ ಆರು ತಿಂಗಳು. ಹೆರಿಗೆಗೆ ಊರಿಗೆ ಹೊರಟಿದ್ದೆ, ಪರದೆ ನನ್ನ ಸೂಟ್‌ಕೇಸಿನಲ್ಲೇ ಹೋಯಿತು. ಹಬ್ಬಕ್ಕೆ ಎರಡು ದಿನ ಇರುವಾಗ ನನ್ನ ತಂದೆಯನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆ. ದೋಣಿ ಇಳಿದೊಡನೆ ಚಪ್ಪಲಿ ಕೈಗೆ ತೆಗೆದುಕೊಂಡೆ. ತಂದೆ, "ನೀನು ಇಲ್ಲಿಗೆ ಯಾವಾಗ ಬಂದಿದ್ದಿ?" ಎಂದು ಬೆರಗಾದರು. ಕೇದಗೆ ಬಂತು. ಒಂಬತ್ತನೆಯ ಮೆಟ್ಟಿಲು ಅಲುಗಾಡಿತು. ಶಿಲುಬೆ, ಹೊನ್ನೆ ಮರ, ಎಡಕ್ಕೆ ಬಾವಿ. ಬಾವಿ ಎಡಕ್ಕೇ ಇತ್ತು. ಯಾರದೋ ಊರಿನ ಬಾವಿ ಕಂಡು ನನಗೆ ಕುಣಿಯಬೇಕು ಎನಿಸಿತು, ಹೊಟ್ಟೆ ಬಿಡಲಿಲ್ಲ ಅಷ್ಟೆ. ಅಷ್ಟರಲ್ಲಿ ಗಂಟೆಯೂ ಬಾರಿಸಿತು. ನಿಜಕ್ಕೂ ಶೀತವಾದ ದನಿ.

ಒಳಗೆ ಹೆಂಗಸರು ನೆಲ ತೊಳೆಯುತ್ತಿದ್ದರು. ಪ್ರಾಯದ ಒಬ್ಬ ಪಾದ್ರಿ, ಪೊರ್ಬುಗಳ ಅಕ್ಕ, ಹತ್ತಾರು ಜನ. ಪರದೆಯನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಬಿಚ್ಚಿದರು. ಅಗೋ ಬಾವಿ, ಅಗೋ ಮೆಟ್ಟಿಲು, ಹುಂಜವನ್ನೂ ಬಿಡಲಿಲ್ಲ ಎಂದು ಒಬ್ಬೊಬ್ಬರೂ ಬೆರಳಿಟ್ಟು ತೋರಿಸಿದರು. ನಾನು ನಾನೇ ಹೊಲಿದ ಹಾಗೆ ಉಬ್ಬಿ ನಿಂತಿದ್ದೆ. ಆಮೇಲೆ ಒಬ್ಬೊಬ್ಬರದೇ ಬೆರಳು ಹಿಂದೆ ಸರಿಯಿತು. ಎಲ್ಲರ ಕಣ್ಣೂ ಚಿತ್ರದ ಎಡಬದಿಗೆ ಹೋಗಿತ್ತು. ಸಂಜೆಯ ಹೊತ್ತು, ತೆರೆದ ಬಾಗಿಲಿನಾಚೆ ನಿಜವಾದ ಸೂರ್ಯ ನಿಜವಾದ ಸಮುದ್ರಕ್ಕೆ ಇಳಿಯುತ್ತಿದ್ದ. ನಾನು ಅದನ್ನು ನೋಡಿದೆ, ಪರದೆಯನ್ನು ನೋಡಿದೆ. ನಮ್ಮ ಊರಿನಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆಯೇ? ಇಪ್ಪತ್ತು ವರ್ಷ ಉಳ್ಳಾಲದ ಕಡಲ ಬದಿಯಲ್ಲಿ ಬೆಳೆದವಳಿಗೆ ಅಷ್ಟೂ ತಿಳಿಯದೆ ಹೋಯಿತೇ?

ಅಕ್ಕನೇ ಮೊದಲು ಬಾಯಿ ಬಿಟ್ಟರು. "ಪಡುಗಡಲಲ್ಲಿ ಸೂರ್ಯ ಹುಟ್ಟಿಸಿದ್ನಲ್ಲ ಮಾರಾಯ್ತಿ ಇವ." ಯಾರೋ ಇದು ಮುಳುಗುವ ಸೂರ್ಯ ಇರಬಹುದು ಎಂದರು. ಹಾಗಾದರೆ ಹುಂಜ ಯಾಕೆ ಕೂಗುತ್ತದೆ ಎಂದು ಇನ್ನೊಬ್ಬರು ಕೇಳಿದರು. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಗಂಡಸು, "ಊರು ಬಿಟ್ಟು ಎಷ್ಟು ವರ್ಷ ಆಯ್ತು, ಪಾಪ, ಮರ್ತಿದ್ರು" ಎಂದ. ಪೊರ್ಬುಗಳು ಹೆದರಿದ್ದ ಅದೇ ಮಾತು. ನನಗೆ ತಡೆಯಲಾಗಲಿಲ್ಲ. ಪರರ ಇಗರ್ಜಿ, ಪರರ ಜನ ಎನ್ನುವುದೆಲ್ಲ ಮರೆತು, ಸೂರ್ಯನನ್ನು ಇಡಿಸಿದವಳು ನಾನು ಎಂದೆ. ಆ ಕಿಟಕಿಯಿಲ್ಲದ ಕೋಣೆ, ಆ ಮೊಳೆ, ಹತ್ತೊಂಬತ್ತು ವರ್ಷ, ನೆಲದ ಮೇಲಿನ ನೀಲಿ ಬಾಣ, ಕಣ್ಣು ಮುಚ್ಚಿ ನಡೆದ ಹದಿನಾಲ್ಕು ಮೆಟ್ಟಿಲು, ಎಲ್ಲ ಹೇಳಿದೆ. ಮಕ್ಕಾದ ಕಡೆ ಪ್ರಾರ್ಥಿಸಿದ ವಿಷಯಕ್ಕೆ ಬಂದಾಗ ಪಾದ್ರಿಯ ಗಡ್ಡ ಅಲುಗಿತು. ಅವರು ನಕ್ಕದ್ದೇ ತಡ, ಇಗರ್ಜಿಗೆ ಇಗರ್ಜಿಯೇ ನಕ್ಕಿತು. ನೆಲ ತೊಳೆಯುತ್ತಿದ್ದ ಒಬ್ಬಳು ಬಕೆಟ್ ಹಿಡಿದುಕೊಂಡು ಕೂತುಬಿಟ್ಟಳು.

ನಗು ನಿಂತ ಮೇಲೆ, ಸೂರ್ಯನನ್ನು ಬಿಚ್ಚಿ ಗುಡ್ಡದ ಕಡೆ ಹೊಲಿದರಾಯಿತು ಎಂದರು ಯಾರೋ. ಅಕ್ಕ ಒಪ್ಪಲಿಲ್ಲ. "ತೆಗೂಕಾಗ" ಎಂದರು, ಒಂದೇ ಮಾತು. ಪಾದ್ರಿ ಪರದೆಯನ್ನು ತಾವೇ ಎತ್ತಿ ಬಲಿಪೀಠದ ಮುಂದೆ ಹಿಡಿದು ತೋರಿಸಿದರು. "ಪರದೆ ತೂಗುವುದು ಮೂಡಲ್ಲಿ. ಇದರ ಮೇಲೆ ಸೂರ್ಯ ಎಲ್ಲಿ ಹುಟ್ಟಿದರೂ ಮೂಡಲ್ಲೇ ಹುಟ್ಟಿದ ಹಾಗೆ" ಎಂದರು. ಬಾಗಿಲಿನಿಂದ ಬಂದ ಸಂಜೆಯ ಬಿಸಿಲು ಜರಿಯ ಮೇಲೆ ಬಿದ್ದು ಆ ತಪ್ಪು ಸೂರ್ಯ ಧಗಧಗ ಹೊಳೆದ.

ನಾನು ಮಗಳನ್ನು ಎತ್ತಿಕೊಂಡು ದೋಹಾಕ್ಕೆ ವಾಪಸಾದಾಗ ಅವಳಿಗೆ ನಾಲ್ಕು ತಿಂಗಳು. ಪೊರ್ಬುಗಳು ಮಗುವನ್ನು ಎತ್ತಿ ಮುದ್ದಿಸಿದರು, ಸಣ್ಣದೊಂದು ಕುಲಾವಿ ಹೊಲಿದಿಟ್ಟಿದ್ದರು. ಆಮೇಲೆ ಕೇಳಿದರು, "ಎಲ್ಲ ಸರಿ ಇತ್ತಾ?" ವಿಮಾನದಲ್ಲಿ ನಾನು ಒಂದು ಸುಳ್ಳನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಆ ಮುಖ ನೋಡಿದ ಮೇಲೆ ಹೇಳಲಾಗಲಿಲ್ಲ. "ಬಾವಿ ಸರಿ, ಮೆಟ್ಟಿಲು ಸರಿ. ಸೂರ್ಯ ಮಾತ್ರ..." ಎಂದೆ.

ಅವರು ಸೀಮೆಸುಣ್ಣ ತೆಗೆದು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಬರೆದರು. ಇಗರ್ಜಿ, ಗುಡ್ಡ, ಸಮುದ್ರ. ಸಮುದ್ರದ ಮೇಲೆ ಅರ್ಧ ಸೂರ್ಯ. ನೋಡಿದರು. ಇನ್ನೂ ನೋಡಿದರು. "ಅಯ್ಯೋ, ಅದು ಕಾರ್ನಿಶ್" ಎಂದರು ಮೆಲ್ಲಗೆ. ನಾನು ತಲೆ ತಗ್ಗಿಸಿದೆ. ಆಮೇಲೆ ಕೇಳಿಸಿದ್ದು ನಗು. ಅಳತೆಯ ಟೇಪಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. "ಇಲ್ಲಿಗೆ ಬಪ್ಪು ಹೊತ್ತಿಗೆ ಊರಿನ ಕಣ್ಣಲ್ಲಿ ದೋಹಾ ಕಂಡೆ. ಈಗ ದೋಹಾದ ಕಣ್ಣಲ್ಲಿ ಊರು ಕಂಡೆ. ಎರಡೂ ಕಡೆ ಕೆಟ್ಟೆ ಕಾಣ್ ನಾನು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಏನು ಹೇಳಿದರು ಎಂದು ಕೇಳಿದರು. "ತೆಗೂಕಾಗ ಅಂದ್ರು" ಎಂದೆ. ಅವರು ಮಗುವನ್ನು ನನ್ನ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋದರು. ಲೋಬಾನದ ವಾಸನೆ ಬಂತು, ಆದರೆ ಅಂದು ರಾಗ ಕೇಳಲಿಲ್ಲ. ಹಲಗೆಯ ಮೇಲೆ ಉಳಿದಿದ್ದ ಸೀಮೆಸುಣ್ಣದ ಚೂರನ್ನು ನಾನು ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ.

ಅದಾದ ಮೂರು ವರ್ಷಕ್ಕೆ ಅವರು ಅಂಗಡಿ ಬಿಟ್ಟು ಊರಿಗೆ ಹೋದರು. ಹೋಗುವ ದಿನ ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡದ್ದು ನೆನಪಿದೆ. ವರ್ಷಕ್ಕೊಂದು ಕಾಗದ ಬರುತ್ತಿತ್ತು, ಆಮೇಲೆ ಬರಲಿಲ್ಲ... ಅಲ್ ಮನ್ಸೂರಾದ ಆ ವಿಲ್ಲಾವೂ ಈಗಿಲ್ಲ. ಆ ಜಾಗದಲ್ಲಿ ಹತ್ತು ಮಹಡಿಯ ಕಟ್ಟಡ, ಕೆಳಗೆ ಹಣ ಕಳಿಸುವ ಅಂಗಡಿ.

ಕಳೆದ ರಜೆಯಲ್ಲಿ ಮಗಳನ್ನು ಕರೆದುಕೊಂಡು ಆ ಹಳ್ಳಿಗೆ ಹೋಗಿ ಬಂದೆ. ಹೊಳೆಗೆ ಸೇತುವೆ ಬಂದಿದೆ, ಒಂಬತ್ತನೆಯ ಮೆಟ್ಟಿಲಿಗೆ ಸಿಮೆಂಟು ಬಂದಿದೆ. ಆ ಪರದೆಯನ್ನು ಈಗ ಹಬ್ಬದ ದಿನ ಮಾತ್ರ ಹಾಕುತ್ತಾರೆ, ಜರಿ ಕಪ್ಪಾಗಿದೆ. ಮಕ್ಕಳು ಅದನ್ನು 'ದೋಹಾದ ಸೂರ್ಯ' ಎನ್ನುತ್ತಾರಂತೆ. ಪೊರ್ಬುಗಳು ಬಲಬದಿಯ ಸಮಾಧಿಗಳ ಗೋಡೆಯ ಹತ್ತಿರ ಮಲಗಿದ್ದಾರೆ. ಮುಖ ಮೂಡಕ್ಕೆ, ಬೆನ್ನ ಹಿಂದೆ ಸಮುದ್ರ. ಈ ಸಲ ದಿಕ್ಕು ಸರಿಯಾಗಿದೆ ಎಂದು ಅವರಿಗೆ ಹೇಳಬೇಕೆನಿಸಿತು.

ಮಾರನೆಯ ಬೆಳಿಗ್ಗೆ ಉಳ್ಳಾಲದ ಮನೆಯಲ್ಲಿ ಬೇಗ ಎಚ್ಚರವಾಯಿತು. ಚಹಾದ ಲೋಟ ಹಿಡಿದು ಅಂಗಳಕ್ಕೆ ಬಂದು, ಸೂರ್ಯ ಏಳಲಿ ಎಂದು ಸಮುದ್ರವನ್ನೇ ನೋಡುತ್ತ ನಿಂತೆ. ನಿಂತೇ ಇದ್ದೆ. ಬೆನ್ನು ಬೆಚ್ಚಗಾಗತೊಡಗಿದಾಗ ಗೊತ್ತಾಯಿತು. ಗಟ್ಟಿಯಾಗಿ ನಗು ಬಂತು. ಯಾಕೆ ನಗುತ್ತಿದ್ದೀ ಎಂದು ಮಗಳು ಒಳಗಿನಿಂದ ಕೇಳಿದಳು. ಹೇಳಿದರೆ ಅವಳೂ ನಕ್ಕಾಳು. ಆದರೆ ಆ ನಗುವನ್ನು ನನ್ನ ಜೊತೆ ಪೂರ್ತಿ ನಗಬಲ್ಲವರು ಒಬ್ಬರೇ ಇದ್ದರು.